ಟರ್ಬೊ ಕಾರಿಗೆ ದೊಡ್ಡ ಫ್ಯೂಯೆಲ್ ಪಂಪ್ ಏಕೆ?

ಪ್ರಶ್ನೆ: ಟರ್ಬೊ ಕಾರಿನ ಶಕ್ತಿ ಹೆಚ್ಚಿಸುವಾಗ ಫ್ಯೂಯೆಲ್ ಪಂಪನ್ನೂ ಬದಲಿಸಬೇಕು ಎನ್ನುತ್ತಾರೆ. ಯಾಕೆ?
– ಓದುಗರೊಬ್ಬರು, ಕಲ್ಯಾಣಪುರ

ಉತ್ತರ: ಟರ್ಬೊ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗದಿದ್ದರೆ ಕಾವು ಏರಿ ಪಿಸ್ಟನ್ನೇ ಕರಗಬಹುದು.

ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಇಂಥ ಎಂಜಿನ್ 1 ಅಶ್ವಶಕ್ತಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಕುಡಿಯುತ್ತದೆ. 300 ಅಶ್ವಶಕ್ತಿಗೆ ಅದು ಗಂಟೆಗೆ ಸುಮಾರು 110 ಲೀಟರ್. ಆದರೆ ಪಂಪಿನ ಡಬ್ಬಿಯ ಮೇಲಿನ ಅಂಕಿಯನ್ನಷ್ಟೇ ನಂಬಬೇಡಿ. ಒತ್ತಡ ಏರಿದಂತೆ ಹರಿವು ಇಳಿಯುತ್ತದೆ. ಸಾಮಾನ್ಯವಾಗಿ 3 ಬಾರ್‌ನಲ್ಲಿ ಕೆಲಸ ಮಾಡುವ ಪಂಪು, ಟರ್ಬೊ 1 ಬಾರ್ ಕೊಟ್ಟಾಗ 4 ಬಾರ್ ಎದುರು ದೂಡಬೇಕಾಗುತ್ತದೆ. ಆ 4 ಬಾರ್‌ನಲ್ಲಿ ಎಷ್ಟು ಲೀಟರ್ ಕೊಡುತ್ತದೆಂದು ನೋಡಿ ಕೊಳ್ಳಿ. ನಮ್ಮ ಬಂಕುಗಳ ಪೆಟ್ರೋಲಿನಲ್ಲೀಗ ಶೇ. 20 ಎಥನಾಲ್ ಇರುವುದರಿಂದ ಬೇಡಿಕೆ ಇನ್ನೂ ಸ್ವಲ್ಪ ಹೆಚ್ಚು.

ದೊಡ್ಡ ಪಂಪು ಹೆಚ್ಚು ಕರೆಂಟ್ ಎಳೆಯುತ್ತದೆ. ದಪ್ಪ ವೈರು, ಪ್ರತ್ಯೇಕ ರಿಲೇ ಹಾಕಿಸಿ. ಡೈರೆಕ್ಟ್ ಇಂಜೆಕ್ಷನ್ ಕಾರಾದರೆ ಎಂಜಿನ್ ಬಳಿಯ ಅಧಿಕ ಒತ್ತಡದ ಪಂಪನ್ನೂ ಪರೀಕ್ಷಿಸಿ. ನಿಮ್ಮೂರ ಬಳಿಯ ಸಂತೆಕಟ್ಟೆಯ ಹೆದ್ದಾರಿಯಲ್ಲಿ ಓಡಿಸುವ ಕಾರಾದರೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆ. ಕೆಲಸಕ್ಕೆ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ.