ಡಿಫರೆನ್ಷಿಯಲ್ ಮೌಂಟ್ ಬದಲಾವಣೆ: ವಾಹನ ಮಾಲೀಕರೂ ಗ್ಯಾರೇಜುಗಳೂ ಅರಿಯಬೇಕಾದ ಸಂಗತಿಗಳು

ಹಾಸನ ಜಿಲ್ಲೆಯ ವ್ಯಾಪಾರ ವಹಿವಾಟು ಬಹುಮಟ್ಟಿಗೆ ರಸ್ತೆ ಸಾರಿಗೆಯನ್ನೇ ಅವಲಂಬಿಸಿದೆ. ಹಾಸನದ ಆಲೂಗೆಡ್ಡೆ, ಚನ್ನರಾಯಪಟ್ಟಣದ ತೆಂಗು, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಹೊಗೆಸೊಪ್ಪು ಮಾರುಕಟ್ಟೆ ತಲುಪುವುದು ವಾಹನಗಳ ಮೂಲಕವೇ. ಇಲ್ಲಿನ ವರ್ತಕರು ಪೂರ್ವಕ್ಕೆ ಬೆಂಗಳೂರಿಗೂ, ಹೊಳೆನರಸೀಪುರದ ಮಾರ್ಗವಾಗಿ ಮೈಸೂರಿಗೂ, ಶಿರಾಡಿ ಘಾಟಿಯನ್ನಿಳಿದು ಮಂಗಳೂರಿಗೂ ಪದೇ ಪದೇ ಪ್ರಯಾಣಿಸುವವರು. ಹೀಗಾಗಿ ಸರಕು ವಾಹನಗಳ ಜೊತೆಗೆ ನಾಲ್ಕು ಚಕ್ರ ಚಾಲನೆಯ ವಾಹನಗಳೂ, ಮಹಾನಗರಗಳಲ್ಲಿ ಬಳಸಿ ಮಾರಿದ ಐಷಾರಾಮಿ ಕಾರುಗಳೂ, ವಿರಳವಾಗಿ ಸ್ಪೋರ್ಟ್ಸ್ ಕಾರುಗಳೂ ತಾಲ್ಲೂಕು ಕೇಂದ್ರಗಳ ಗ್ಯಾರೇಜುಗಳ ಮುಂದೆ ಬಂದು ನಿಲ್ಲುತ್ತವೆ.

ಇಂತಹ ವಾಹನಗಳಲ್ಲಿ ಡಿಫರೆನ್ಷಿಯಲ್ ಮೌಂಟ್ ಎಂಬ ರಬ್ಬರಿನ ಬಿಡಿಭಾಗವೊಂದಿದೆ. ಅಂಗೈಯಲ್ಲಿ ಹಿಡಿಯಬಹುದಾದ ಈ ಭಾಗ ಸವೆದರೆ ಮೊದಲು ಕೇಳಿಬರುವುದು ಒಂದು ಸಣ್ಣ ಸದ್ದು ಮಾತ್ರ. ಅದನ್ನು ಅಲಕ್ಷಿಸಿದರೆ ದುಬಾರಿ ಭಾಗಗಳು ಹಾಳಾಗುತ್ತವೆ. ಮನೆಯಂಗಳದಲ್ಲಿಯೇ ಬದಲಿಸಲು ಹೊರಟು ಕ್ರಮ ತಪ್ಪಿದರೆ ಪ್ರಾಣಕ್ಕೇ ಅಪಾಯವಿದೆ. ಆದುದರಿಂದ ಈ ಕೆಲಸದ ಸ್ವರೂಪವನ್ನು ಮಾಲೀಕರೂ ಗ್ಯಾರೇಜು ನಡೆಸುವವರೂ ತಿಳಿದಿರುವುದು ಅಗತ್ಯ.

ಡಿಫರೆನ್ಷಿಯಲ್‌ನ ಕಾರ್ಯ

ವಾಹನ ತಿರುವಿನಲ್ಲಿ ಸಾಗುವಾಗ ಹೊರಬದಿಯ ಚಕ್ರವು ಒಳಬದಿಯ ಚಕ್ರಕ್ಕಿಂತ ಹೆಚ್ಚು ದೂರ ಕ್ರಮಿಸಬೇಕು. ಎರಡೂ ಚಕ್ರಗಳು ಒಂದೇ ಬಿಗಿ ದಂಡಕ್ಕೆ ಸೇರಿದ್ದರೆ ಒಂದು ಚಕ್ರ ನೆಲಕ್ಕೆ ಉಜ್ಜುತ್ತಾ ಸಾಗಬೇಕಾಗುತ್ತದೆ. ಎಂಜಿನ್ನಿನ ಬಲವನ್ನು ಎರಡೂ ಚಕ್ರಗಳಿಗೆ ತಲುಪಿಸುತ್ತಲೇ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಅವಕಾಶ ಕೊಡುವ ಗೇರುಗಳ ಜೋಡಣೆಯೇ ಡಿಫರೆನ್ಷಿಯಲ್. 19ನೇ ಶತಮಾನದ ಪೂರ್ವಾರ್ಧದಲ್ಲಿ ಫ್ರಾನ್ಸಿನ ಒನೆಸಿಫೋರ್ ಪೆಕರ್ ಇದನ್ನು ಉಗಿ ವಾಹನಕ್ಕಾಗಿ ರೂಪಿಸಿದನು. ಬಲದ ದಿಕ್ಕನ್ನು ಉದ್ದದಿಂದ ಅಡ್ಡಕ್ಕೆ ತಿರುಗಿಸುವ ಪಿನಿಯನ್ ಮತ್ತು ಕ್ರೌನ್ ಗೇರುಗಳೂ ಇದೇ ಪೆಟ್ಟಿಗೆಯೊಳಗಿರುತ್ತವೆ.

ಎಲ್ಲ ವಾಹನಗಳಲ್ಲಿಯೂ ಈ ಮೌಂಟ್ ಇರುವುದಿಲ್ಲ

ಖರ್ಚಿನ ದೃಷ್ಟಿಯಿಂದ ಮೊದಲು ತಿಳಿಯಬೇಕಾದ ಅಂಶ ಇದು. ಲಾರಿ, ಪಿಕಪ್, ಹಳೆಯ ಅಂಬಾಸಿಡರ್ ಕಾರು ಮತ್ತು ಎಸ್ಟೇಟುಗಳ ಹಳೆಯ ಜೀಪುಗಳಲ್ಲಿ ಡಿಫರೆನ್ಷಿಯಲ್ ಬಿಗಿ ಆಕ್ಸಲ್ಲಿನ ಒಳಗೇ ಸೇರಿದೆ. ಆಕ್ಸಲ್ ಕಮಾನುಪಟ್ಟಿಗಳ ಮೇಲೆ ಕುಳಿತಿರುವುದರಿಂದ ಅಲ್ಲಿ ಪ್ರತ್ಯೇಕ ಡಿಫರೆನ್ಷಿಯಲ್ ಮೌಂಟಿನ ಪ್ರಶ್ನೆಯೇ ಇಲ್ಲ. ಇವುಗಳಲ್ಲಿ ಸದ್ದು ಬಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಸೆಂಟರ್ ಬೇರಿಂಗಿನ ರಬ್ಬರು, ಕಮಾನುಪಟ್ಟಿಯ ಬುಷ್ ಮತ್ತು ಯು-ಬೋಲ್ಟುಗಳನ್ನು ನೋಡಬೇಕು. ಎಂಜಿನ್ನನ್ನು ಅಡ್ಡಲಾಗಿ ಇರಿಸಿದ, ಮುಂಚಕ್ರ ಚಾಲನೆಯ ಸಣ್ಣ ಕಾರುಗಳಲ್ಲಿ ಡಿಫರೆನ್ಷಿಯಲ್ ಗೇರ್‌ಬಾಕ್ಸಿನೊಳಗೇ ಇರುತ್ತದೆ. ಅಲ್ಲಿ ಸವೆಯುವುದು ಎಂಜಿನ್ ಅಥವಾ ಗೇರ್‌ಬಾಕ್ಸ್ ಮೌಂಟ್.

ಪ್ರತ್ಯೇಕ ಮೌಂಟ್ ಇರುವುದು ಚಕ್ರಗಳು ಸ್ವತಂತ್ರವಾಗಿ ಮೇಲೆ ಕೆಳಗೆ ಚಲಿಸುವ ವ್ಯವಸ್ಥೆಯಲ್ಲಿ. ಅಲ್ಲಿ ಡಿಫರೆನ್ಷಿಯಲ್ ಪೆಟ್ಟಿಗೆಯನ್ನು ಚಾಸಿಗೆ ಅಥವಾ ಸಬ್‌ಫ್ರೇಮಿಗೆ ರಬ್ಬರಿನ ಮೂಲಕ ಬಿಗಿದಿರುತ್ತಾರೆ. ಮಜ್ದಾ ಎಂಎಕ್ಸ್-5ರಂತಹ ಸ್ಪೋರ್ಟ್ಸ್ ಕಾರುಗಳೂ, ಹಿಂಚಕ್ರ ಚಾಲನೆಯ ಬಿಎಂಡಬ್ಲ್ಯು ಹಾಗೂ ಮರ್ಸಿಡಿಸ್ ಸೆಡಾನುಗಳೂ ಈ ಗುಂಪಿಗೆ ಸೇರುತ್ತವೆ. ನಾಲ್ಕು ಚಕ್ರ ಚಾಲನೆಯ ಫಾರ್ಚುನರ್ ಮತ್ತು 2020ರ ನಂತರದ ಥಾರ್ ವಾಹನಗಳಲ್ಲಿ ಹಿಂದೆ ಬಿಗಿ ಆಕ್ಸಲ್ ಇದ್ದರೂ ಮುಂದಿನ ಡಿಫರೆನ್ಷಿಯಲ್ ಚಾಸಿಗೆ ಮೌಂಟುಗಳ ಮೂಲಕವೇ ಸೇರಿದೆ.

ಸಣ್ಣ ರಬ್ಬರಿನ ಮೇಲೆ ದೊಡ್ಡ ಬಲ

ಮೌಂಟಿನ ಹೊಣೆಯನ್ನು ಒಂದು ಲೆಕ್ಕದಿಂದ ಗ್ರಹಿಸಬಹುದು. ಎಂಜಿನ್ನಿನ ತಿರುಚುಬಲ 200 ನ್ಯೂಟನ್-ಮೀಟರ್ ಎಂದಿಟ್ಟುಕೊಳ್ಳೋಣ. ಮೊದಲ ಗೇರಿನಲ್ಲಿ ಅದು ಮೂರೂವರೆ ಪಟ್ಟಾಗಿ 700 ಆಗುತ್ತದೆ. ಡಿಫರೆನ್ಷಿಯಲ್‌ನಲ್ಲಿ ಮತ್ತೆ ನಾಲ್ಕು ಪಟ್ಟಾಗಿ 2,800 ಆಗುತ್ತದೆ. ಚಕ್ರಗಳನ್ನು ಮುಂದಕ್ಕೆ ತಿರುಗಿಸುವ ಈ ಬಲಕ್ಕೆ ಪ್ರತಿಯಾಗಿ ಪೆಟ್ಟಿಗೆಯು ತಾನೇ ಹಿಮ್ಮುಖವಾಗಿ ಉರುಳಲು ಯತ್ನಿಸುತ್ತದೆ. ಅದರ ಮೂತಿ ಮೇಲಕ್ಕೇಳುತ್ತದೆ. ಮುಂದಿನ ಮತ್ತು ಹಿಂದಿನ ಮೌಂಟುಗಳ ನಡುವೆ ಅರ್ಧ ಮೀಟರ್ ಅಂತರವಿದ್ದರೆ ಒಂದೊಂದು ತುದಿಯ ಮೇಲೂ ಸುಮಾರು 5,600 ನ್ಯೂಟನ್, ಅಂದರೆ 570 ಕೆ.ಜಿ. ತೂಕಕ್ಕೆ ಸಮನಾದ ಬಲ ಬೀಳುತ್ತದೆ. ಕ್ಲಚ್ಚನ್ನು ಥಟ್ಟನೆ ಬಿಟ್ಟಾಗ ಇದು ಇನ್ನೂ ಹೆಚ್ಚುತ್ತದೆ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಬಲದ ದಿಕ್ಕು ತಿರುಗುಮುರುಗಾಗುತ್ತದೆ. ಘಾಟಿಯ ಏರಿಳಿತ ಮತ್ತು ತಿರುವುಗಳಲ್ಲಿ ಈ ಎಳೆದಾಟ ನಿರಂತರ.

ಗಂಧಕದೊಂದಿಗೆ ಕಾಯಿಸಿ ಹದಗೊಳಿಸಿದ ರಬ್ಬರು ಇದನ್ನು ವರ್ಷಗಟ್ಟಲೆ ತಾಳಿಕೊಳ್ಳುತ್ತದೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ ಆ ವಿಧಾನವೇ ಇಂದಿಗೂ ಆಧಾರ. ಆದರೆ ಕಾಲಕ್ರಮೇಣ ಶಾಖ, ಓಝೋನ್ ಮತ್ತು ಸೋರುವ ಎಣ್ಣೆಯಿಂದ ರಬ್ಬರು ಬಿರಿಯುತ್ತದೆ, ಇಲ್ಲವೇ ಉಬ್ಬಿ ಮೆತ್ತಗಾಗುತ್ತದೆ, ಲೋಹದ ಕವಚದಿಂದ ಕಿತ್ತುಬರುತ್ತದೆ.

ಸವೆತದ ಲಕ್ಷಣಗಳು

ಮೊದಲ ಗೇರಿನಿಂದ ರಿವರ್ಸಿಗೆ ಬದಲಿಸುವಾಗ, ಅಥವಾ ಆಕ್ಸಿಲರೇಟರ್ ಒತ್ತಿ ಬಿಡುವಾಗ ವಾಹನದ ಅಡಿಯಿಂದ 'ಧಡ್' ಎಂಬ ಸದ್ದು ಬರುವುದು ಮುಖ್ಯ ಲಕ್ಷಣ. ನಿರ್ದಿಷ್ಟ ವೇಗದಲ್ಲಿ ಕಂಪನ ಹಾಗೂ ಗುಂಯ್‌ಗುಡುವ ನಾದವೂ ಕೇಳಬಹುದು. ಆದರೆ ಶಾಫ್ಟಿನ ಕ್ರಾಸ್, ಸಿವಿ ಜಾಯಿಂಟ್, ಎಂಜಿನ್ ಮೌಂಟ್ ಸವೆದರೂ, ಚಕ್ರದ ಬೋಲ್ಟ್ ಸಡಿಲಗೊಂಡರೂ ಇಂತಹುದೇ ಸದ್ದು ಬರುತ್ತದೆ. ಆದುದರಿಂದ ಕಣ್ಣಾರೆ ನೋಡದೆ ಬಿಡಿಭಾಗ ಕೊಳ್ಳಬಾರದು. ವಾಹನವನ್ನು ಭದ್ರವಾಗಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ಡಿಫರೆನ್ಷಿಯಲ್ ಮತ್ತು ಸಬ್‌ಫ್ರೇಮಿನ ನಡುವೆ ಹಾರೆಯಿಟ್ಟು ಹದವಾಗಿ ಮೀಟಿ ನೋಡಬೇಕು. ರಬ್ಬರು ಅಲ್ಪಸ್ವಲ್ಪ ಬಾಗುವುದು ಸಹಜ. ಬಿರುಕು ಬಾಯಿತೆರೆದರೆ, ಲೋಹಕ್ಕೆ ಲೋಹ ತಾಗಿದರೆ, ರಬ್ಬರು ಕವಚದಿಂದ ಬೇರ್ಪಟ್ಟಿದ್ದರೆ ಮೌಂಟಿನ ಆಯುಸ್ಸು ಮುಗಿದಂತೆ.

ವಿಳಂಬದ ಬೆಲೆಯೂ ಕಡಿಮೆಯಲ್ಲ. ಪೆಟ್ಟಿಗೆ ಕುಣಿದಂತೆಲ್ಲ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಜಾಯಿಂಟುಗಳು ಸವೆಯುತ್ತವೆ, ಸೀಲುಗಳು ಸೋರುತ್ತವೆ. 1995ರಿಂದ 2002ರವರೆಗೆ ತಯಾರಾದ ಬಿಎಂಡಬ್ಲ್ಯು ಝಡ್-3 ಸ್ಪೋರ್ಟ್ಸ್ ಕಾರಿನ ನಿದರ್ಶನ ಗಮನಾರ್ಹ. ಅದರ ಡಿಫರೆನ್ಷಿಯಲ್‌ನ ಹಿಂತುದಿಯನ್ನು ಡಿಕ್ಕಿಯ ನೆಲಕ್ಕೆ ಹಿಡಿದಿಡುವುದು ಒಂದೇ ಮೌಂಟ್. ಅಲ್ಲಿನ ಹೊಡೆತಕ್ಕೆ ನೆಲದ ತಗಡಿನ ಬೆಸುಗೆಯೇ ಬಿಟ್ಟು ಸೀಳುವ ತೊಂದರೆ ಆ ಮಾದರಿಯ ಮಾಲೀಕರಿಗೆ ಚಿರಪರಿಚಿತ. ಮೌಂಟ್ ಬದಲಿಸುವುದು ಒಂದು ದಿನದ ಕೆಲಸ. ಹರಿದ ತಗಡನ್ನು ಬಲಪಡಿಸಿ ಬೆಸೆಯುವುದು ಗಾಡಿಯ ಹಿಂಭಾಗವನ್ನೇ ಬಿಚ್ಚುವ ಕೆಲಸ.

ಸುರಕ್ಷತೆಯೇ ಮೊದಲ ಹೆಜ್ಜೆ

ಹಿಂಚಕ್ರ ಚಾಲನೆಯ ವಾಹನಗಳ ವಿಷಯದಲ್ಲಿ ಹಲವರು ಮರೆಯುವ ಸಂಗತಿಯೊಂದಿದೆ. ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನೇ ಹಿಡಿಯುತ್ತದೆ. ಗೇರಿನಲ್ಲಿ ನಿಲ್ಲಿಸಿದರೂ ತಡೆ ಸಿಗುವುದು ಅವೇ ಚಕ್ರಗಳಿಗೆ. ಹಿಂಭಾಗವನ್ನು ನೆಲದಿಂದ ಎತ್ತಿದ ಕ್ಷಣವೇ ಇವೆರಡೂ ನಿರುಪಯುಕ್ತ. ಆಗ ವಾಹನವನ್ನು ಉರುಳದಂತೆ ತಡೆಯುವುದು ಮುಂದಿನ ಚಕ್ರಗಳಿಗೆ ಕೊಟ್ಟ ಅಡ್ಡಗಟ್ಟೆಗಳು ಮಾತ್ರ. ಆದುದರಿಂದ ಸಮತಟ್ಟಾದ ಕಾಂಕ್ರೀಟ್ ನೆಲವನ್ನೇ ಆರಿಸಿ, ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಗಟ್ಟೆ ಕೊಡಬೇಕು. ಮಳೆಗಾಲದ ಮಣ್ಣಿನಂಗಳದಲ್ಲಿ ಸ್ಟ್ಯಾಂಡಿನ ಕಾಲು ಹೂತುಹೋಗುವ ಸಂಭವವಿರುವುದರಿಂದ ಅಲ್ಲಿ ಈ ಕೆಲಸ ಸಲ್ಲದು.

ಜ್ಯಾಕ್ ಇರುವುದು ವಾಹನವನ್ನು ಎತ್ತುವುದಕ್ಕೆ, ಹಿಡಿದಿಡುವುದಕ್ಕಲ್ಲ. ತಯಾರಕರು ಸೂಚಿಸಿದ ಸ್ಥಾನಗಳಲ್ಲಿ, ಸಾಕಷ್ಟು ಭಾರ ಹೊರಬಲ್ಲ ಎರಡು ಆಕ್ಸಲ್ ಸ್ಟ್ಯಾಂಡುಗಳನ್ನು ಕೊಟ್ಟ ನಂತರವೇ ಅಡಿಗೆ ಇಳಿಯಬೇಕು. ಇಟ್ಟಿಗೆ, ಸೈಜುಗಲ್ಲು, ತೆಂಗಿನ ಕೊರಡು ಇವಾವುವೂ ಸ್ಟ್ಯಾಂಡಿಗೆ ಪರ್ಯಾಯವಲ್ಲ. ಹೇಳದೆ ಕೇಳದೆ ಒಡೆದು ಜಾರುವುದು ಅವುಗಳ ಸ್ವಭಾವ. ಮೌಂಟ್ ಸವೆದಿರುವ ಶಂಕೆಯಿದ್ದಾಗ ಡಿಫರೆನ್ಷಿಯಲ್‌ನ ಅಡಿಗೇ ಜ್ಯಾಕ್ ಕೊಟ್ಟು ವಾಹನವನ್ನು ಎತ್ತಬಾರದು. ಜೊತೆಗೆ ಮತ್ತೊಬ್ಬರು ಇರುವುದು ಕಡ್ಡಾಯ.

ಕೆಲಸದ ಕ್ರಮ

1. ಹಿಂದಿನ ದಿನವೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಬೇಕು. ಸೈಲೆನ್ಸರ್ ಪೂರ್ತಿ ತಣ್ಣಗಾದ ಮೇಲೆ ಕೆಲಸ ಆರಂಭಿಸಿ, ಅದು ಅಡ್ಡವಿದ್ದರೆ ಕಳಚಬೇಕು.

2. ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚುವ ಅಗತ್ಯವಿದ್ದರೆ ಎರಡೂ ಫ್ಲಾಂಜುಗಳ ಮೇಲೆ ಬಣ್ಣದ ಗುರುತು ಹಾಕಬೇಕು. ಅದೇ ಸ್ಥಾನದಲ್ಲಿ ಮರುಜೋಡಿಸದಿದ್ದರೆ ಹೊಸ ಕಂಪನ ಹುಟ್ಟುತ್ತದೆ.

3. ಡಿಫರೆನ್ಷಿಯಲ್‌ನ ಅಡಿಗೆ ಮರದ ಹಲಗೆಯಿಟ್ಟು ಬೇರೊಂದು ಜ್ಯಾಕಿನ ಆಧಾರ ಕೊಡಬೇಕು. ಕಾರುಗಳಲ್ಲಿ ಈ ಪೆಟ್ಟಿಗೆ ಸಾಮಾನ್ಯವಾಗಿ 25ರಿಂದ 40 ಕೆ.ಜಿ. ತೂಗುವುದರಿಂದ ಕೈಯಲ್ಲಿ ಹಿಡಿಯುವ ಸಾಹಸ ಬೇಡ.

4. ಮೌಂಟಿನ ಬೋಲ್ಟುಗಳನ್ನು ಬಿಚ್ಚಿ, ಕೈ ಆಡಿಸಲು ಬೇಕಾದಷ್ಟು ಮಾತ್ರ ಪೆಟ್ಟಿಗೆಯನ್ನು ಇಳಿಸಬೇಕು. ಬ್ರೇಕ್ ಕೊಳವೆ, ಎಬಿಎಸ್ ತಂತಿಗಳು ಬಿಗಿಯಾಗಬಾರದು. ಹಾಫ್ ಶಾಫ್ಟುಗಳು ಜೋತುಬೀಳಬಾರದು.

5. ಬೋಲ್ಟಿನಿಂದ ನೇರವಾಗಿ ಕೂರುವ ಮೌಂಟನ್ನು ಸುಲಭವಾಗಿ ಬದಲಿಸಬಹುದು. ಒತ್ತಿ ಕೂರಿಸಿದ ಬುಷ್ ಆಗಿದ್ದರೆ ಅದರಲ್ಲಿನ ಟೊಳ್ಳುಗಳ ದಿಕ್ಕನ್ನು ಮೊದಲು ಗುರುತಿಸಿಕೊಳ್ಳಬೇಕು. ಉದ್ದನೆಯ ಬೋಲ್ಟು, ನಟ್ಟು, ದಪ್ಪ ವಾಷರು ಮತ್ತು ಸೂಕ್ತ ಅಳತೆಯ ಕೊಳವೆಯಿಂದ ಮಾಡಿಕೊಂಡ ಎಳೆಯುವ ಸಾಧನದಿಂದ ಅದನ್ನು ಹೊರತೆಗೆಯಬಹುದು. ಬೆಂಕಿಯಿಂದ ಸುಟ್ಟು ತೆಗೆಯುವ ರೂಢಿ ಅಪಾಯಕರ. ಹೊಗೆ ವಿಷಕಾರಿ, ಪೆಟ್ರೋಲ್ ಟ್ಯಾಂಕ್ ಬಳಿಯಲ್ಲೇ ಇರುತ್ತದೆ.

6. ಗೂಡನ್ನು ಶುಚಿಗೊಳಿಸಿ, ಹೊಸ ರಬ್ಬರಿಗೆ ಸಾಬೂನು ನೀರು ಸವರಿ ನೇರವಾಗಿ ಒತ್ತಬೇಕು. ಎಂಜಿನ್ ಎಣ್ಣೆ ಅಥವಾ ಸಾಮಾನ್ಯ ಗ್ರೀಸ್ ರಬ್ಬರನ್ನು ಕೆಡಿಸುತ್ತದೆ.

7. ಬೋಲ್ಟುಗಳನ್ನೆಲ್ಲ ಕೈಯಿಂದ ತೊಡಿಸಿ, ಪೆಟ್ಟಿಗೆ ತನ್ನ ಸಹಜ ಸ್ಥಾನದಲ್ಲಿ ಕುಳಿತ ಬಳಿಕ ಟಾರ್ಕ್ ವ್ರೆಂಚಿನಿಂದ ತಯಾರಕರು ಹೇಳಿದಷ್ಟೇ ಬಿಗಿಯಬೇಕು. ರಬ್ಬರು ತಿರುಚಿದ ಸ್ಥಿತಿಯಲ್ಲಿಯೇ ಬಿಗಿದರೆ ಹೊಸ ಮೌಂಟೂ ಬೇಗನೆ ಹರಿಯುತ್ತದೆ. ಲಾಕ್ ನಟ್ಟುಗಳನ್ನು ಹೊಸದಾಗಿಯೇ ಹಾಕಬೇಕು.

8. ಡಿಫರೆನ್ಷಿಯಲ್ ಎಣ್ಣೆಯ ಮಟ್ಟವನ್ನು ಪರೀಕ್ಷಿಸಬೇಕು. ಎಣ್ಣೆ ಬದಲಿಸುವುದಾದರೆ ತುಂಬುವ ಮುಚ್ಚಳ ಬಿಚ್ಚುತ್ತದೆಂದು ಖಚಿತವಾದ ನಂತರವೇ ಸುರಿಸುವ ಮುಚ್ಚಳವನ್ನು ತೆಗೆಯಬೇಕು. ಹಳೆಯ ಎಣ್ಣೆಯನ್ನು ಚರಂಡಿಗೆ ಬಿಡದೆ ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸಬೇಕು.

ಕೆಲವು ನೂರು ಕಿ.ಮೀ. ಓಡಿಸಿದ ಬಳಿಕ ಬೋಲ್ಟುಗಳ ಬಿಗಿಯನ್ನು ಮತ್ತೊಮ್ಮೆ ಪರಿಶೀಲಿಸುವುದು ಒಳಿತು.

ಬಿಡಿಭಾಗದ ಆಯ್ಕೆ

ಮಾರುಕಟ್ಟೆಯಲ್ಲಿ ರಬ್ಬರಿನ ಜೊತೆಗೆ ಪಾಲಿಯುರಿಥೇನ್ ಮೌಂಟುಗಳೂ ದೊರೆಯುತ್ತವೆ. ಇವು ಗಟ್ಟಿಯಾಗಿದ್ದು ರೇಸ್ ಓಡಿಸುವವರಿಗೆ ಪ್ರಿಯ. ಆದರೆ ಗೇರುಗಳ ಸದ್ದನ್ನೂ ಕಂಪನವನ್ನೂ ಒಳಗಿನವರಿಗೆ ತಲುಪಿಸುತ್ತವೆ. ನಿತ್ಯದ ಓಡಾಟಕ್ಕೆ ಮೂಲ ರಬ್ಬರೇ ಸೂಕ್ತ. ಬೇರೆ ಮಾದರಿಯ ಬುಷ್ ಕಡೆಸಿ ಹಾಕುವುದು, ಟೈರಿನ ತುಂಡು ತುರುಕುವುದು ತಾತ್ಕಾಲಿಕ ಉಳಿತಾಯವೆನಿಸಿದರೂ ಮತ್ತೆ ಅದೇ ಕೆಲಸಕ್ಕೆ ದಾರಿ ಮಾಡುತ್ತದೆ. ಚಾಸಿ ಸಂಖ್ಯೆಯ ಆಧಾರದಲ್ಲಿ ಸರಿಯಾದ ಭಾಗವನ್ನು ತರಿಸಿ, ಬಿಲ್ ಪಡೆಯಬೇಕು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆ ಶೇ. 18ರ ಏಕರೂಪ ಜಿಎಸ್‌ಟಿ ದರ ಜಾರಿಯಲ್ಲಿದೆ. ಮೊದಲು ಹಲವು ಭಾಗಗಳಿಗೆ ಶೇ. 28 ಇತ್ತು. ತೆರಿಗೆ ಇಳಿದಿರುವುದರಿಂದ ಬಿಲ್ಲಿಲ್ಲದ ನಕಲಿ ಸರಕಿನ ಆಕರ್ಷಣೆಯೂ ಇಳಿಯಬೇಕಾಗಿದೆ.

ತಾಲ್ಲೂಕು ಗ್ಯಾರೇಜುಗಳಿಗೆ ಅವಕಾಶ

ಈ ಕೆಲಸಕ್ಕೆ ಎಲೆಕ್ಟ್ರಾನಿಕ್ ಉಪಕರಣಗಳ ಅಗತ್ಯ ಅಷ್ಟಾಗಿಲ್ಲ. ಉತ್ತಮ ಸ್ಟ್ಯಾಂಡುಗಳು, ಟಾರ್ಕ್ ವ್ರೆಂಚು, ಸಣ್ಣ ಹೈಡ್ರಾಲಿಕ್ ಪ್ರೆಸ್ಸು ಮತ್ತು ತಯಾರಕರ ಕೈಪಿಡಿ ಇದ್ದರೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಗ್ಯಾರೇಜುಗಳು ಇದನ್ನು ಅಚ್ಚುಕಟ್ಟಾಗಿ ನಿರ್ವಹಿಸಬಲ್ಲವು. ಇದೇ ಸಲಕರಣೆ ಸಸ್ಪೆನ್ಷನ್ ಬುಷ್, ಬೇರಿಂಗು, ಎಂಜಿನ್ ಮೌಂಟುಗಳ ಕೆಲಸಕ್ಕೂ ಒದಗುವುದರಿಂದ ಹೂಡಿದ ಬಂಡವಾಳ ಬಹುಬೇಗ ದುಡಿಯುತ್ತದೆ. ಈಗ ಬೆಂಗಳೂರು, ಮೈಸೂರು, ಮಂಗಳೂರುಗಳಿಗೆ ಹೋಗುವ ಇಂತಹ ಕೆಲಸ ಜಿಲ್ಲೆಯಲ್ಲಿಯೇ ಉಳಿದರೆ ಮಾಲೀಕರಿಗೆ ಸಮಯವೂ ಇಂಧನವೂ ಉಳಿಯುತ್ತದೆ.

ಮನೆಯಲ್ಲಿಯೇ ಮಾಡಬೇಕೆನ್ನುವವರು ಒಂದು ಅಳತೆಗೋಲನ್ನು ಇಟ್ಟುಕೊಳ್ಳುವುದು ಉಚಿತ. ಸಮತಟ್ಟಾದ ನೆಲ, ಸ್ಟ್ಯಾಂಡು, ಟಾರ್ಕ್ ವ್ರೆಂಚು, ಜೊತೆಗೊಬ್ಬ ಸಹಾಯಕ, ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ವಾಹನವನ್ನು ಗ್ಯಾರೇಜಿಗೆ ಒಯ್ಯುವುದೇ ವಿವೇಕ. ನಾಲ್ಕೂ ಇದ್ದವರು ನಿಧಾನವಾಗಿ, ಕ್ರಮವಾಗಿ ನಡೆದರೆ ಒಂದು ಭಾನುವಾರದ ಹಗಲಿನಲ್ಲಿ ಕೆಲಸ ಮುಗಿಸಬಹುದು.