ವರ್ಷದ ಓದು: ಪ್ರಕಾರಕ್ಕೊಂದು ಅಳತೆ

‘ಈ ವರ್ಷ 24 ಪುಸ್ತಕ ಓದಬೇಕು’ ಎಂದು ಗುರಿ ಇಟ್ಟುಕೊಳ್ಳುವವರು ಬಹಳ ಮಂದಿ. ತಿಂಗಳಿಗೆ ಎರಡು ಎಂದರೆ ಕೈಗೆಟುಕದ ಗುರಿಯೇನಲ್ಲ. ಒಂದು ಪುಸ್ತಕಕ್ಕೆ ಸುಮಾರು 200 ಪುಟ ಹಿಡಿದರೆ ವರ್ಷಕ್ಕೆ 4,800 ಪುಟ, ದಿನಕ್ಕೆ 13 ಪುಟ ಚಿಲ್ಲರೆ. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಕೂತರೆ ಸಾಕು.

ಆದರೆ ಬರೀ ಸಂಖ್ಯೆಯ ಗುರಿಗೆ ಒಂದು ದೋಷವಿದೆ. ಲೆಕ್ಕದಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಒಂದು, ದೇವನೂರ ಮಹಾದೇವ ಅವರ ‘ಒಡಲಾಳ’ವೂ ಒಂದು. ಒಂದಕ್ಕೆ ತಿಂಗಳು ಬೇಕು, ಇನ್ನೊಂದು ಒಂದೆರಡು ದಿನದಲ್ಲಿ ಮುಗಿಯುತ್ತದೆ. ಎರಡಕ್ಕೂ ಒಂದೇ ಅಂಕ ಸಿಗುವಾಗ ಓದುಗನಿಗೆ ಗೊತ್ತಿಲ್ಲದೆಯೇ ಕೈ ತೆಳ್ಳಗಿನ ಪುಸ್ತಕದ ಕಡೆಗೆ ಹೋಗುತ್ತದೆ. ಜೊತೆಗೆ, ಈಗಾಗಲೇ ಇಷ್ಟವಾಗಿರುವ ಪ್ರಕಾರವೇ ಮತ್ತೆ ಮತ್ತೆ ಬರುತ್ತದೆ. ಡಿಸೆಂಬರ್ ಕೊನೆಗೆ ಸಂಖ್ಯೆ ತುಂಬಿರುತ್ತದೆ, ಓದು ಮಾತ್ರ ವಿಸ್ತಾರವಾಗಿರುವುದಿಲ್ಲ. ಇದಕ್ಕೆ ಪರಿಹಾರ, ಗುರಿಯನ್ನು ಪ್ರಕಾರಗಳಿಗೆ ಹಂಚುವುದು ಮತ್ತು ಒಂದೊಂದು ಪ್ರಕಾರವನ್ನು ಅದಕ್ಕೆ ಒಪ್ಪುವ ಅಳತೆಯಲ್ಲೇ ಅಳೆಯುವುದು. ಅದನ್ನು ಮಾಡುವ ಬಗೆ ಇಲ್ಲಿದೆ.

ಮೊದಲು ಹಿಂದಿನ ವರ್ಷವನ್ನು ನೋಡಿ

ಹೊಸ ಗುರಿ ಇಡುವ ಮೊದಲು ಕಳೆದ ವರ್ಷ ಓದಿದ್ದರಲ್ಲಿ ನೆನಪಿಗೆ ಬಂದಷ್ಟನ್ನು ಒಂದು ಹಾಳೆಯಲ್ಲಿ ಬರೆಯಿರಿ. ಎದುರಿಗೆ ಪ್ರಕಾರ ಬರೆಯಿರಿ. ಯಾವ ಪ್ರಕಾರ ಹೆಚ್ಚು, ಯಾವುದರ ಜಾಗ ಖಾಲಿ ಎಂಬುದು ಅಲ್ಲೇ ಕಾಣುತ್ತದೆ. ಓದಿದ್ದು ಎಂಟು ಪುಸ್ತಕವಾದರೆ ಈ ವರ್ಷದ ಗುರಿ ಹನ್ನೆರಡು ಇರಲಿ. ಐವತ್ತು ಎಂದು ಬರೆದುಕೊಂಡರೆ ಮಾರ್ಚ್ ಹೊತ್ತಿಗೆ ಪಟ್ಟಿಯನ್ನೇ ನೋಡಲು ಮನಸ್ಸಾಗುವುದಿಲ್ಲ.

ಇನ್ನೊಂದು ಪರೀಕ್ಷೆಯನ್ನೂ ಮಾಡಬಹುದು. ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಾಂಶ ವರ್ಗೀಕರಣ ಎಲ್ಲ ಪುಸ್ತಕಗಳನ್ನೂ ಹತ್ತು ವರ್ಗಗಳಾಗಿ ವಿಂಗಡಿಸುತ್ತದೆ: ಸಾಮಾನ್ಯ ಜ್ಞಾನ, ತತ್ವಶಾಸ್ತ್ರ ಮತ್ತು ಮನಶ್ಶಾಸ್ತ್ರ, ಧರ್ಮ, ಸಮಾಜ ವಿಜ್ಞಾನ, ಭಾಷೆ, ವಿಜ್ಞಾನ, ತಂತ್ರಜ್ಞಾನ, ಕಲೆ, ಸಾಹಿತ್ಯ, ಇತಿಹಾಸ ಮತ್ತು ಭೂಗೋಳ. ಕಥೆ, ಕಾದಂಬರಿ, ಕವನ, ನಾಟಕ ಎಲ್ಲವೂ ಸಾಹಿತ್ಯ ಎಂಬ ಒಂದೇ ವರ್ಗದೊಳಗಿವೆ. ಈ ನಾಲ್ಕನ್ನೂ ಚೆನ್ನಾಗಿ ಓದಿಕೊಂಡವರಿಗೂ ಉಳಿದ ಒಂಬತ್ತು ವರ್ಗಗಳು ಬಾಕಿ ಇರಬಹುದು ಎಂಬುದನ್ನು ಗುರಿ ಹಂಚುವಾಗ ಮರೆಯಬಾರದು.

24 ಪುಸ್ತಕ ಹಂಚುವುದು ಹೇಗೆ?

ಕನ್ನಡ ಓದುಗರಿಗೆ ಒಪ್ಪಬಹುದಾದ ಒಂದು ಹಂಚಿಕೆ ಹೀಗಿದೆ:

- ಕಾದಂಬರಿ: 6
- ಕಥಾ ಸಂಕಲನ: 3
- ಕವನ ಸಂಕಲನ: 3
- ನಾಟಕ: 2
- ಪ್ರಬಂಧ, ಪ್ರವಾಸ ಕಥನ: 2
- ಆತ್ಮಕಥೆ, ಜೀವನ ಚರಿತ್ರೆ: 2
- ವಿಜ್ಞಾನ, ಇತಿಹಾಸ, ಸಮಾಜ: 2
- ಹಳಗನ್ನಡ ಅಥವಾ ನಡುಗನ್ನಡ ಕಾವ್ಯ: 1
- ಮುಕ್ತ ಆಯ್ಕೆ: 3

ಕೊನೆಯ ಮೂರನ್ನು ಬಿಟ್ಟುಕೊಡಬೇಡಿ. ಗೆಳೆಯರು ಕೈಗಿತ್ತ ಪುಸ್ತಕ, ದಿಢೀರನೆ ಸುದ್ದಿಗೆ ಬಂದ ಪುಸ್ತಕ, ಮತ್ತೊಮ್ಮೆ ಓದಬೇಕೆನಿಸಿದ ಹಳೆಯ ಪುಸ್ತಕ, ಇವಕ್ಕೆ ಜಾಗ ಬೇಕು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ಆ ಕಥೆಗಳನ್ನು ಕನ್ನಡದಲ್ಲೇ ಓದಬೇಕೆಂದು ಎಷ್ಟೋ ಜನ ಹುಡುಕಿಕೊಂಡು ಹೋದರು. ಅಂಥ ಓದು ಯಾವ ಯೋಜನೆಯಲ್ಲೂ ಮೊದಲೇ ಇರುವುದಿಲ್ಲ.

ಅನುವಾದವನ್ನು ಮೇಲಿನ ಪಟ್ಟಿಯಲ್ಲಿ ಬೇರೆ ಪ್ರಕಾರವಾಗಿ ಹಾಕಿಲ್ಲ. ಅನುವಾದಿತ ಕಾದಂಬರಿ ಕಾದಂಬರಿಯೇ. ಅದನ್ನು ಗುರುತಿಸಲು ‘ಟ್ಯಾಗ್’ ಎಂಬ ಇನ್ನೊಂದು ಕಲಂ ಇರಲಿ. ಅನುವಾದ, ಲೇಖಕಿ, ಲೇಖಕರ ಮೊದಲ ಪುಸ್ತಕ, ಕರಾವಳಿ, ಕಲ್ಯಾಣ ಕರ್ನಾಟಕ, ಹೀಗೆ ನಿಮಗೆ ಮುಖ್ಯವೆನಿಸಿದ ಗುರುತುಗಳನ್ನು ಅಲ್ಲಿ ಬರೆಯಬಹುದು.

ಯಾವ ಪ್ರಕಾರಕ್ಕೆ ಸೇರಿಸುವುದು?

ಕನ್ನಡದ ಒಳ್ಳೆಯ ಪುಸ್ತಕಗಳು ಹಲವು ಸಲ ಒಂದೇ ಪ್ರಕಾರದಲ್ಲಿ ನಿಲ್ಲುವುದಿಲ್ಲ. ಬಿ.ಜಿ.ಎಲ್. ಸ್ವಾಮಿ ಅವರ ‘ಹಸುರು ಹೊನ್ನು’ ಸಸ್ಯಶಾಸ್ತ್ರವೂ ಹೌದು, ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ ಕಥನವೂ ಹೌದು. ಪೂರ್ಣಚಂದ್ರ ತೇಜಸ್ವಿ ಅವರ ‘ಅಣ್ಣನ ನೆನಪು’ ಕುವೆಂಪು ಅವರ ಚಿತ್ರಣವೂ ಹೌದು, ಬರೆದವರ ಬಾಲ್ಯ ಮತ್ತು ಯೌವನದ ಕಥೆಯೂ ಹೌದು.

ಇಲ್ಲಿ ಒಂದೇ ನಿಯಮ ಸಾಕು: ಒಂದು ಪುಸ್ತಕ ಒಂದು ಪ್ರಕಾರದಲ್ಲಿ ಮಾತ್ರ ಲೆಕ್ಕಕ್ಕೆ ಬರಬೇಕು, ಎರಡನೆಯದು ಟ್ಯಾಗ್‌ಗೆ ಹೋಗಬೇಕು. ಯಾವುದು ಮುಖ್ಯ ಎಂಬುದನ್ನು ಓದಿ ಮುಗಿಸಿದ ಮೇಲೆ ನೀವೇ ತೀರ್ಮಾನಿಸಿ. ಎರಡೂ ಕಡೆ ಬರೆದುಕೊಂಡರೆ ವರ್ಷದ ಕೊನೆಗೆ ಮೊತ್ತ ತಾಳೆಯಾಗುವುದಿಲ್ಲ.

ಒಂದೊಂದಕ್ಕೆ ಒಂದೊಂದು ಅಳತೆ

ಕಾದಂಬರಿಗೆ ಪುಟದ ಲೆಕ್ಕ ಸರಿಹೋಗುತ್ತದೆ. ನಿಮ್ಮ ವೇಗ ತಿಳಿಯಲು ಗಡಿಯಾರ ಇಟ್ಟುಕೊಂಡು 20 ನಿಮಿಷ ಓದಿ, ಮುಗಿಸಿದ ಪುಟಗಳನ್ನು ಮೂರರಿಂದ ಗುಣಿಸಿದರೆ ಗಂಟೆಯ ಲೆಕ್ಕ ಸಿಗುತ್ತದೆ. ಭೈರಪ್ಪನವರ ‘ಪರ್ವ’ದಂಥ ದೊಡ್ಡ ಕಾದಂಬರಿ ಎತ್ತಿಕೊಂಡರೆ ಅದನ್ನು ಎರಡು ಪುಸ್ತಕವೆಂದು ಎಣಿಸುವ ಸ್ವಾತಂತ್ರ್ಯ ಇಟ್ಟುಕೊಳ್ಳಿ. ‘500 ಪುಟ ದಾಟಿದರೆ ಎರಡು’ ಎಂಬ ನಿಯಮವನ್ನು ವರ್ಷದ ಆರಂಭದಲ್ಲೇ ಬರೆದಿಟ್ಟರೆ ದಪ್ಪ ಪುಸ್ತಕವನ್ನು ಮುಂದೂಡುವ ಕಾರಣ ಇರುವುದಿಲ್ಲ.

ಸಣ್ಣಕಥೆಯನ್ನು ಕಥೆಯ ಲೆಕ್ಕದಲ್ಲೇ ಎಣಿಸಿ. ಒಂದು ಕೂರುವಿಕೆಗೆ ಒಂದು ಕಥೆ ಒಳ್ಳೆಯದು. ಮಾಸ್ತಿಯವರ ಒಂದು ಕಥೆ ಓದಿದ ಕೂಡಲೇ ಇನ್ನೊಂದಕ್ಕೆ ಹೋದರೆ ಮೊದಲನೆಯದು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ದೀಪಾವಳಿ ವಿಶೇಷಾಂಕಗಳಲ್ಲಿ, ‘ಮಯೂರ’ದಂಥ ಮಾಸಿಕದಲ್ಲಿ ಓದುವ ಕಥೆಗಳನ್ನೂ ಬಿಡಬೇಡಿ. ಹತ್ತು ಬಿಡಿ ಕಥೆಗೆ ಒಂದು ಸಂಕಲನ ಎಂದು ಹಿಡಿಯಬಹುದು.

ಕವನಕ್ಕೆ ಪುಟದ ಲೆಕ್ಕ ಹೊಂದುವುದೇ ಇಲ್ಲ. ಬೇಂದ್ರೆಯವರ ‘ನಾಕುತಂತಿ’ಯನ್ನು ಒಂದು ಸಂಜೆಯಲ್ಲಿ ತಿರುವಿ ಮುಗಿಸಬಹುದು, ಅದು ಓದಿದಂತಲ್ಲ. ಕವನಕ್ಕೆ ದಿನದ ಲೆಕ್ಕ ಇಡಿ: ದಿನಕ್ಕೊಂದು ಕವಿತೆ, ಎರಡು ಸಲ, ಒಂದು ಸಲವಾದರೂ ಗಟ್ಟಿಯಾಗಿ. ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’ದಲ್ಲಿ 945 ಪದ್ಯಗಳಿವೆ. ದಿನಕ್ಕೆ ಮೂರರಂತೆ ಓದಿದರೆ 315 ದಿನಕ್ಕೆ ಮುಗಿಯುತ್ತದೆ, ತಪ್ಪಿದ ದಿನಗಳನ್ನು ಸರಿದೂಗಿಸಲು 50 ದಿನ ಉಳಿಯುತ್ತವೆ.

ನಾಟಕವನ್ನು ಅಂಕ ಅಥವಾ ದೃಶ್ಯದ ಲೆಕ್ಕದಲ್ಲಿ ಓದಿ. ಗಿರೀಶ ಕಾರ್ನಾಡರ ‘ತುಘಲಕ್’ (1964) ಒಬ್ಬರೇ ಮೌನವಾಗಿ ಓದುವುದಕ್ಕಿಂತ ಮೂವರು ನಾಲ್ವರು ಪಾತ್ರ ಹಂಚಿಕೊಂಡು ಓದಿದರೆ ಚೆನ್ನಾಗಿ ತೆರೆದುಕೊಳ್ಳುತ್ತದೆ. ಅದೇ ನಾಟಕದ ಪ್ರಯೋಗ ಊರಿಗೆ ಬಂದರೆ ನೋಡಿ, ನೋಡಿದ ದಿನಾಂಕವನ್ನೂ ಪಕ್ಕದಲ್ಲಿ ಬರೆಯಿರಿ.

ಪ್ರಾಚೀನ ಕಾವ್ಯಕ್ಕೆ ಇಡೀ ವರ್ಷ ಕೊಡಿ. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ 14 ಆಶ್ವಾಸಗಳಿವೆ. ತಿಂಗಳಿಗೊಂದು, ಯಾವುದಾದರೂ ಎರಡು ತಿಂಗಳಲ್ಲಿ ಎರಡೆರಡು ಓದಿದರೆ ವರ್ಷಕ್ಕೆ ಮುಗಿಯುತ್ತದೆ. ಗದ್ಯಾನುವಾದ ಇರುವ ಆವೃತ್ತಿ ತೆಗೆದುಕೊಂಡರೆ ಹಳಗನ್ನಡ ಅಭ್ಯಾಸವಿಲ್ಲದವರಿಗೂ ದಾರಿ ಸಿಗುತ್ತದೆ. ಹೊಸಗನ್ನಡದ್ದೇ ಮಹಾಕಾವ್ಯ ಬೇಕೆಂದರೆ ಆ ಸ್ಥಾನಕ್ಕೆ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ತಂದುಕೊಳ್ಳಬಹುದು. ಅದರಲ್ಲಿ ನಾಲ್ಕು ಸಂಪುಟಗಳಿವೆ, ಮೂರು ತಿಂಗಳಿಗೆ ಒಂದು.

ವಿಜ್ಞಾನ, ಇತಿಹಾಸದ ಪುಸ್ತಕಗಳಿಗೆ ಅಧ್ಯಾಯವೇ ಅಳತೆ. ಒಂದು ಅಧ್ಯಾಯ ಮುಗಿದ ಮೇಲೆ ಪುಸ್ತಕ ಮುಚ್ಚಿ, ತಿಳಿದದ್ದನ್ನು ಎರಡು ವಾಕ್ಯದಲ್ಲಿ ಬರೆಯಿರಿ. ಬರೆಯಲು ಬರದಿದ್ದರೆ ಆ ಅಧ್ಯಾಯವನ್ನು ಇನ್ನೊಮ್ಮೆ ಓದಬೇಕು.

ಇ-ಪುಸ್ತಕದಲ್ಲಿ ಅಕ್ಷರದ ಗಾತ್ರ ಬದಲಿಸಿದರೆ ಪುಟಗಳ ಸಂಖ್ಯೆಯೂ ಬದಲಾಗುವುದುಂಟು. ಆದ್ದರಿಂದ ಅಲ್ಲಿ ಶೇಕಡಾವಾರು ಲೆಕ್ಕ ಇಡಿ. ಕೇಳುವ ಪುಸ್ತಕಕ್ಕೆ ಗಂಟೆ, ನಿಮಿಷ ಬರೆಯಿರಿ.

ಏನೇನು ಬರೆದಿಡಬೇಕು?

ಒಂದು ಪುಸ್ತಕಕ್ಕೆ ಒಂದು ಸಾಲು ಸಾಕು. ಕಲಂಗಳು ಇವು: ಕ್ರಮಸಂಖ್ಯೆ, ಪುಸ್ತಕ, ಲೇಖಕರು, ಪ್ರಕಾರ, ಪುಟ, ಶುರು ಮಾಡಿದ ದಿನ, ಮುಗಿಸಿದ ದಿನ, ಟ್ಯಾಗ್, ಎರಡು ಮಾತು. ‘ಎರಡು ಮಾತು’ ಎಂಬ ಕಲಂ ವಿಮರ್ಶೆಗಾಗಿ ಅಲ್ಲ. ನೆನಪಿನಲ್ಲಿ ಉಳಿದ ಪಾತ್ರ, ಒಪ್ಪಲಾಗದ ವಾದ, ಮುಂದೆ ಓದಬೇಕೆನಿಸಿದ ಇನ್ನೊಂದು ಪುಸ್ತಕದ ಹೆಸರು, ಹೀಗೆ ಏನಾದರೂ ಇರಲಿ. ಐದು ವರ್ಷದ ನಂತರ ಪುಟ ತಿರುವಿದಾಗ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಇದೇ ಕಲಂ.

ಅರ್ಧಕ್ಕೆ ಬಿಟ್ಟ ಪುಸ್ತಕಗಳಿಗೆ ಹಿಂಬದಿಯಲ್ಲಿ ಬೇರೆ ಪಟ್ಟಿ ಮಾಡಿ. ಎಷ್ಟನೇ ಪುಟಕ್ಕೆ ನಿಲ್ಲಿಸಿದಿರಿ, ಯಾಕೆ ಎಂದು ಬರೆಯಿರಿ. ಅವು ಗುರಿಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಒಂದೇ ಪ್ರಕಾರದ ಮೂರು ಪುಸ್ತಕ ಆ ಪಟ್ಟಿಯಲ್ಲಿ ಕಂಡರೆ, ಆ ಪ್ರಕಾರಕ್ಕೆ ಇನ್ನೂ ಸುಲಭವಾದ ಪ್ರವೇಶ ಹುಡುಕಬೇಕು ಎಂದರ್ಥ.

ನೋಟ್‌ಬುಕ್ಕೋ, ಶೀಟೋ, ಆ್ಯಪೋ?

ನೋಟ್‌ಬುಕ್ಕಿಗೆ ಕರೆಂಟು, ನೆಟ್‌ವರ್ಕು ಬೇಡ. ಮನೆಮಂದಿಯೂ ತಿರುವಿ ನೋಡಬಹುದು. ಮೊದಲ ಪುಟದಲ್ಲಿ ಪ್ರಕಾರಕ್ಕೊಂದು ಸಾಲು ಎಳೆದು, ಗುರಿ ಎಷ್ಟೋ ಅಷ್ಟು ಚೌಕ ಹಾಕಿ, ಮುಗಿದಂತೆ ಒಂದೊಂದನ್ನೇ ತುಂಬಿದರೆ ಇಡೀ ವರ್ಷದ ಸ್ಥಿತಿ ಒಂದೇ ನೋಟಕ್ಕೆ ತಿಳಿಯುತ್ತದೆ.

ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್ ಬಳಸುವವರು ‘ಕೌಂಟ್‌ಇಫ್’ ಸೂತ್ರದಿಂದ ಪ್ರಕಾರವಾರು ಸಂಖ್ಯೆಯನ್ನೂ ‘ಸಮ್‌ಇಫ್’ನಿಂದ ಪ್ರಕಾರವಾರು ಪುಟಗಳನ್ನೂ ತಾನಾಗಿಯೇ ಬರುವಂತೆ ಮಾಡಬಹುದು. ಇಲ್ಲೊಂದು ಎಚ್ಚರಿಕೆ ಬೇಕು. ಒಂದು ಕಡೆ ‘ಕಥೆ’, ಇನ್ನೊಂದು ಕಡೆ ‘ಕತೆ’ ಎಂದು ಟೈಪ್ ಮಾಡಿದರೆ ಸೂತ್ರ ಅವನ್ನು ಎರಡು ಪ್ರಕಾರವೆಂದೇ ಎಣಿಸುತ್ತದೆ. ‘ಕವನ’, ‘ಕವಿತೆ’, ‘ಕಾವ್ಯ’ಗಳದ್ದೂ ಅದೇ ಪಾಡು. ಆದ್ದರಿಂದ ಪ್ರಕಾರದ ಕಲಂಗೆ ಡ್ರಾಪ್‌ಡೌನ್ ಪಟ್ಟಿ ಮಾಡಿ, ಆರಿಸುವುದಷ್ಟೇ ಉಳಿಯಲಿ.

ಆ್ಯಪ್‌ಗಳಲ್ಲಿ ಗುಡ್‌ರೀಡ್ಸ್ ಬಹಳ ಜನರಿಗೆ ಗೊತ್ತು. 2013ರಿಂದ ಅದು ಅಮೆಜಾನ್ ಒಡೆತನದಲ್ಲಿದೆ. ಅದರ ವಾರ್ಷಿಕ ಸವಾಲು ಪುಸ್ತಕಗಳ ಸಂಖ್ಯೆಯನ್ನು ಎಣಿಸುತ್ತದೆ. ಪ್ರಕಾರ ಬೇಕೆಂದರೆ ನೀವೇ ‘ಶೆಲ್ಫ್’ಗಳನ್ನು ಮಾಡಿಕೊಳ್ಳಬೇಕು. ಮುಗಿಸಿದ ದಿನಾಂಕ ಹಾಕಲು ಮರೆತರೆ ಪುಸ್ತಕ ಆ ವರ್ಷದ ಲೆಕ್ಕಕ್ಕೆ ಸೇರದೆ ಹೋಗಬಹುದು. ಸ್ಟೋರಿಗ್ರಾಫ್ ಎಂಬ ಇನ್ನೊಂದು ಆ್ಯಪ್‌ನಲ್ಲಿ ಪುಸ್ತಕದ ಜೊತೆಗೆ ಪುಟ ಮತ್ತು ಗಂಟೆಯ ಗುರಿಯನ್ನೂ ಇಡಬಹುದು, ಪ್ರಕಾರವಾರು ನಕ್ಷೆಯೂ ಸಿಗುತ್ತದೆ.

ಎರಡರಲ್ಲೂ ಕನ್ನಡ ಪುಸ್ತಕಗಳಿಗೆ ತೊಡಕಿದೆ. ಹಳೆಯ ಮುದ್ರಣಗಳಲ್ಲಿ ಐಎಸ್‌ಬಿಎನ್ ಸಂಖ್ಯೆ ಇರುವುದಿಲ್ಲ, ಇದ್ದರೂ ಹುಡುಕಿದಾಗ ಸಿಗುವ ಖಾತ್ರಿಯಿಲ್ಲ. ಒಂದೇ ಪುಸ್ತಕ ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರಗಳಲ್ಲಿ ಇನ್ನೊಮ್ಮೆ ದಾಖಲಾಗಿರುವುದುಂಟು. ಕನ್ನಡದ ಓದೇ ಮುಖ್ಯವಾಗಿರುವವರಿಗೆ ನೋಟ್‌ಬುಕ್ ಅಥವಾ ಶೀಟ್ ಹೆಚ್ಚು ನಂಬಿಕಸ್ಥ.

ಮೂರು ತಿಂಗಳಿಗೊಮ್ಮೆ ತಾಳೆ

ವಾರ ವಾರ ಲೆಕ್ಕ ನೋಡಿದರೆ ಓದು ಪರೀಕ್ಷೆಯಂತಾಗುತ್ತದೆ, ವರ್ಷಕ್ಕೊಮ್ಮೆ ನೋಡಿದರೆ ತಿದ್ದಿಕೊಳ್ಳಲು ಸಮಯವಿರುವುದಿಲ್ಲ. ಮೂರು ತಿಂಗಳು ಸರಿಯಾದ ಅಂತರ. ಗುರಿ ಆರಿದ್ದ ಪ್ರಕಾರದಲ್ಲಿ ಎರಡು ತಿಂಗಳಿಗೊಂದು, ಮೂರಿದ್ದರೆ ನಾಲ್ಕು ತಿಂಗಳಿಗೊಂದು, ಎರಡಿದ್ದರೆ ಆರು ತಿಂಗಳಿಗೊಂದು ಮುಗಿದಿರಬೇಕು. ಹಿಂದೆ ಬಿದ್ದ ಪ್ರಕಾರ ಯಾವುದೋ ಮುಂದಿನ ಪುಸ್ತಕ ಅದರಿಂದಲೇ ಬರಲಿ.

ಒಂಬತ್ತನೇ ತಿಂಗಳಿಗೂ ಒಂದು ಪ್ರಕಾರ ಖಾಲಿಯಾಗಿಯೇ ಇದ್ದರೆ ಗುರಿಯನ್ನು ಇಳಿಸಿ, ಸೊನ್ನೆ ಮಾಡಬೇಡಿ. ಮೂರು ಕವನ ಸಂಕಲನ ಆಗದಿದ್ದರೆ ಒಂದು ಸಂಕಲನವನ್ನು ಪೂರ್ತಿಯಾಗಿ, ನಿಧಾನವಾಗಿ ಓದಿ.

ಪುಸ್ತಕ ಎಲ್ಲಿಂದ?

ರುಚಿ ಗೊತ್ತಿಲ್ಲದ ಪ್ರಕಾರದ ಪುಸ್ತಕಕ್ಕೆ ದುಡ್ಡು ಹಾಕಲು ಹಿಂಜರಿಕೆ ಸಹಜ. ಅದಕ್ಕೇ ಗ್ರಂಥಾಲಯವಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ನಗರ, ಪಟ್ಟಣಗಳಲ್ಲಿ ಆಸ್ತಿ ತೆರಿಗೆಯ ಜೊತೆಗೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾವು ಕಟ್ಟುತ್ತೇವೆ. ಆ ಸೌಲಭ್ಯ ನಮ್ಮದೇ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಕಾದಂಬರಿಯ ಕಪಾಟಿನ ಮುಂದೆ ನಿಲ್ಲುವ ಅಭ್ಯಾಸ ಬಿಟ್ಟು, ನಿಮ್ಮ ಪಟ್ಟಿಯಲ್ಲಿ ಖಾಲಿ ಉಳಿದ ಪ್ರಕಾರದ ಕಪಾಟಿನ ಮುಂದೆ ಹತ್ತು ನಿಮಿಷ ನಿಂತು ನೋಡಿ. ಗ್ರಂಥಪಾಲಕರನ್ನು ಕೇಳಿ. ಓದುಗನಿಗೆ ಅವನ ಪುಸ್ತಕವನ್ನು, ಪುಸ್ತಕಕ್ಕೆ ಅದರ ಓದುಗನನ್ನು ಸೇರಿಸುವುದೇ ಗ್ರಂಥಾಲಯದ ಕೆಲಸವೆಂದು ಎಸ್.ಆರ್. ರಂಗನಾಥನ್ 1931ರಲ್ಲೇ ತಮ್ಮ ಐದು ಸೂತ್ರಗಳಲ್ಲಿ ಹೇಳಿದ್ದಾರೆ.

ಈ ಲೆಕ್ಕ ಶುರು ಮಾಡಲು ಜನವರಿ 1ಕ್ಕೇ ಕಾಯಬೇಕಿಲ್ಲ. ಯುಗಾದಿಯಿಂದ ಯುಗಾದಿಗೆ ಇಡಬಹುದು, ರಾಜ್ಯೋತ್ಸವದಿಂದ ರಾಜ್ಯೋತ್ಸವಕ್ಕೆ ಇಡಬಹುದು, ಇವತ್ತಿನಿಂದಲೇ ಹನ್ನೆರಡು ತಿಂಗಳು ಎಣಿಸಬಹುದು. ಸಂಖ್ಯೆ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ. ಎಂಟು ಪ್ರಕಾರಗಳಿಂದ ಓದಿದ ಹದಿನೈದು ಪುಸ್ತಕ, ಒಂದೇ ಪ್ರಕಾರದಿಂದ ಓದಿದ ಮೂವತ್ತಕ್ಕಿಂತ ಹೆಚ್ಚು ದೂರ ಕರೆದೊಯ್ಯುತ್ತದೆ. ಇವತ್ತು ಮಲಗುವ ಮುನ್ನ ಒಂದು ಹಾಳೆಯಲ್ಲಿ ಎಂಟು ಪ್ರಕಾರಗಳ ಹೆಸರು ಬರೆಯಿರಿ. ಯಾವುದರ ಎದುರು ಬರೆಯಲು ಒಂದು ಪುಸ್ತಕವೂ ನೆನಪಾಗುವುದಿಲ್ಲವೋ, ನಿಮ್ಮ ಮುಂದಿನ ಪುಸ್ತಕವನ್ನು ಅಲ್ಲಿಂದ ಆರಿಸಿಕೊಳ್ಳಿ.