ಆಲೆಯ ಮರವೂ ಪೀಠದ ಭರಣಿಯೂ

ಚನ್ನಪಟ್ಟಣದ ಅರಗಿನ ಬೊಂಬೆಗಳನ್ನು ನೋಡದವರು ವಿರಳ. ಅದೇ ಲೇತುಗಳ ಮೇಲೆ ಕಡೆಯುವ ಪೀಠದ ಕುಂಕುಮ ಭರಣಿಯು ಮರದ ಗುಣವನ್ನು ಬೊಂಬೆಗಿಂತ ಕಠಿಣವಾಗಿ ಪರೀಕ್ಷಿಸುತ್ತದೆ. ಬೊಂಬೆಯ ಮೈಯಲ್ಲಿನ ಕೂದಲೆಳೆಯಷ್ಟು ಬಿರುಕು ಅರಗಿನಲ್ಲಿ ಮುಚ್ಚಿಹೋದೀತು. ಭರಣಿಯ ಬಾಯಿ ಕೊಂಚ ಸೊಟ್ಟಗಾದರೂ ಮುಚ್ಚಳವು ಕೂರದು. ಈ ದೋಷವನ್ನು ಕಸುಬುದಾರನ ಮೇಲೆ ಹೊರಿಸುವುದು ವಾಡಿಕೆ. ಅನೇಕ ವೇಳೆ ಅದು ಹೊಲದ ಬದುವಿನಲ್ಲಿ ಮರ ಕಡಿದ ವಾರದಲ್ಲಿಯೇ ಹುಟ್ಟಿರುತ್ತದೆ.

ಈ ಕೆಲಸಕ್ಕೆ ಒಗ್ಗಿದ ಮರವು ಆಲೆ. ಕೆಲವೆಡೆ ಹಾಲೆಯೆಂದೂ ಕರೆಯುವರು. ಒಣಭೂಮಿಯಲ್ಲಿ ತಾನಾಗಿ ಬೆಳೆಯುವ ಸಣ್ಣ ಮರವಿದು. ಗಾಯವಾದರೆ ಹಾಲು ಸುರಿಸುತ್ತದೆ. ಕೊಡಸಿಗೆಯನ್ನು ಇದೇ ಮರವೆಂದು ಭ್ರಮಿಸುವುದುಂಟು. ಕಾಯಿಗಳನ್ನು ನೋಡಿದರೆ ಸಂಶಯ ತೀರುತ್ತದೆ: ಆಲೆಯ ಉದ್ದನೆಯ ಜೋಡಿಕಾಯಿಗಳು ಎಳೆಯದರಲ್ಲಿ ತುದಿಯಲ್ಲಿ ಕೂಡಿಕೊಂಡಿರುತ್ತವೆ. ಇದರ ಮರವು ದಂತದಂತೆ ಬಿಳುಪು, ಎಳೆ ನಯ, ಉಳಿಗೆ ಮೃದು. ಇಂತಹ ಮರವನ್ನು ಸೌದೆಯ ಬೆಲೆಗೆ ಕೊಟ್ಟುಬಿಡುವುದು ಭೂಮಾಲೀಕರಿಗೆ ನಷ್ಟವೇ ಸರಿ.

ಮಳೆಗಾಲವು ಮುಗಿದ ಬಳಿಕ, ಮಾರ್ಗಶಿರ ಪುಷ್ಯಗಳಲ್ಲಿ ಕಡಿಯುವುದು ಯುಕ್ತ. ತೊಗಟೆಯೊಡನೆ ನೆಲದ ಮೇಲೆ ಬಿಟ್ಟರೆ ಬೂಷ್ಟಿನಿಂದ ನೀಲಿ ಕಲೆಗಳು ಹತ್ತುವುವು, ಹುಳುವೂ ಕೊರೆಯುವುದು. ಆದುದರಿಂದ ಕೂಡಲೇ ತೊಗಟೆ ಸುಲಿದು, ತುಂಡುಗಳ ಎರಡು ತುದಿಗಳಿಗೂ ಸಗಣಿ ಬೆರೆಸಿದ ಜೇಡಿಮಣ್ಣನ್ನು ಬಳಿದು, ಗಾಳಿಯಾಡುವ ನೆರಳಿನಲ್ಲಿ ಅಡ್ಡಪಟ್ಟಿಗಳ ಮೇಲೆ ಪೇರಿಸತಕ್ಕದ್ದು. ನೀರು ತುದಿಗಳಿಂದಲೇ ಬಲು ಬೇಗ ಹೊರಡುವ ಕಾರಣ ಬಿರುಕೂ ಅಲ್ಲಿಯೇ ಮೊದಲಾಗುತ್ತದೆ; ಲೇಪವು ಅದನ್ನು ತಡೆಯುತ್ತದೆ. ಬಿಸಿಲಿಗೆ ಹಾಕಿ ಅವಸರಪಡಿಸಬಾರದು. ಸಣ್ಣ ತುಂಡುಗಳಿಗೆ ೨–೩ ತಿಂಗಳು ಬೇಕು, ದಪ್ಪನೆಯವಕ್ಕೆ ಇನ್ನೂ ಹೆಚ್ಚು. ಮರವು ಒಣಗುವಾಗ ಉದ್ದದಲ್ಲಿ ಕುಗ್ಗುವುದು ಅತ್ಯಲ್ಪ, ಅಡ್ಡದಲ್ಲಿ ಬಹಳ. ಅದರಲ್ಲೂ ವಲಯಗಳ ಸುತ್ತಿನ ದಿಕ್ಕಿನಲ್ಲಿ ಹೆಚ್ಚು. ಹಸಿಯಾಗಿ ಕಡೆದ ದುಂಡುಬಾಯಿಯು ಆಮೇಲೆ ಮೊಟ್ಟೆಯಾಕಾರ ತಾಳುವುದು ಇದರಿಂದಲೇ. ನಡುವಿನ ಬೆಂಡು ಪೀಠದಲ್ಲಿ ಉಳಿದರೂ ಪೀಠವು ಸೀಳುತ್ತದೆ. ದಪ್ಪ ದಿಮ್ಮಿಯನ್ನು ಬೆಂಡಿನ ಮೇಲೆ ಎರಡಾಗಿ ಸೀಳಿ ಒಣಗಿಸಿದರೆ ಕಸುಬುದಾರನು ಬೆಂಡನ್ನು ಬಿಟ್ಟು ತುಂಡು ಆರಿಸಿಕೊಳ್ಳಬಲ್ಲನು.

ಒಣಗಿದ ತುಂಡಿನ ಒಂದು ತುದಿಯನ್ನು ಲೇತಿನ ತಿರುಗುವ ತಲೆಯ ಗುಳಿಯೊಳಕ್ಕೆ ಬಡಿದು ಕೂರಿಸಿ, ಮೊದಲು ಮೈಯನ್ನು ದುಂಡಗೆ ಮಾಡುವರು. ಅನಂತರ ಬಟ್ಟಲಿನ ಒಳಗನ್ನು ತೋಡುವರು. ಕೆಳಗಿನ ಕುತ್ತಿಗೆಯು ಆಗ ಇನ್ನೂ ದಪ್ಪವಾಗಿಯೇ ಇರಬೇಕು. ಕುತ್ತಿಗೆಯನ್ನು ಮೊದಲೇ ಸಣ್ಣಗೆ ಕಡೆದರೆ ಉಳಿಯ ಒತ್ತಿಗೆ ಬಟ್ಟಲು ನಡುಗಿ ಮುರಿಯುವುದು. ಮುಚ್ಚಳವನ್ನು ಮುಂಚೆಯೇ ಬೇರೆ ತುಂಡಿನಲ್ಲಿ ಸಿದ್ಧಮಾಡಿಕೊಂಡು, ಅದಕ್ಕೆ ಸರಿಯಾಗಿ ಬಾಯಿಯನ್ನು ತಿದ್ದುವರು. ಕುತ್ತಿಗೆ ಕಡೆಯದು. ಪೀಠದ ಅಡಿಯನ್ನು ಕೊಂಚ ಒಳಬಾಗಿಸಿದರೆ ಭರಣಿಯು ಅಂಚಿನ ಮೇಲೆ ನಿಂತು ಅಲುಗದು.

ಭರಣಿಯು ಲೇತಿನ ಮೇಲೆ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುವರು. ಉಜ್ಜುವಿಕೆಯ ಶಾಖದಿಂದ ಅರಗು ಕರಗಿ ಹತ್ತುತ್ತದೆ. ಒಣಗಿದ ಕೇದಗೆಯ ಗರಿಯಿಂದ ಒತ್ತಿದರೆ ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ಹಳದಿಗೆ ಅರಿಸಿನವನ್ನೂ ನೀಲಿಗೆ ನೀಲಿಗಿಡದ ಬಣ್ಣವನ್ನೂ ಬಳಸುವ ಪದ್ಧತಿಯುಂಟು. ತೇವವಿರುವ ಮರಕ್ಕೆ ಅರಗು ಭದ್ರವಾಗಿ ಹಿಡಿಯದು, ಕೆಲವು ಕಾಲದ ಮೇಲೆ ಸಿಪ್ಪೆಯಾಗಿ ಏಳುವುದು. ಅರಗು ಸಹ ಹಳ್ಳಿಯ ಮರಗಳಿಗೆ ಹೊರತಾದುದಲ್ಲ. ಮುತ್ತುಗ, ಜಾಲಾರಿ, ಬೋರೆಗಳ ಎಳೆಗೊಂಬೆಗಳಲ್ಲಿ ಹುಳುಗಳು ಸ್ರವಿಸುವ ಅಂಟೇ ಅದು.

ಸ್ವಂತ ಜಮೀನಿನ ಮರವಾದರೂ ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವಿರುವುದರಿಂದ, ಕೊಡಲಿ ಹಾಕುವ ಮೊದಲು ಅರಣ್ಯ ಇಲಾಖೆಯವರನ್ನು ವಿಚಾರಿಸತಕ್ಕದ್ದು. ಕಡಿದ ಬುಡವನ್ನು ಕೀಳಿಸಬಾರದು. ಆಲೆಯು ಬುಡದಿಂದ ಚೆನ್ನಾಗಿ ಚಿಗುರುತ್ತದೆ. ನೆಟ್ಟಗಿರುವ ಒಂದೆರಡು ಚಿಗುರುಗಳನ್ನು ಉಳಿಸಿ ಮಿಕ್ಕವನ್ನು ಸವರಿ, ಅವು ಎತ್ತರಕ್ಕೆ ಬರುವತನಕ ಮುಳ್ಳು ಕಟ್ಟಿಸಿ ಆಡುಗಳಿಂದ ಕಾಪಾಡಬೇಕು.